ನೀರಿನ ಬವಣೆಗೊಂದು ಅಳತೆಗೋಲು: ಸಮಾಜ ಸಂಶೋಧನೆಯಲ್ಲಿ ಮಾಪನ, ವಿಶ್ವಾಸಾರ್ಹತೆ, ಸಿಂಧುತ್ವ

‘ಕ್ರಾನ್‌ಬಾಕ್ ಆಲ್ಫಾ 0.82 ಬಂದಿದೆ, ಆದ್ದರಿಂದ ಪ್ರಶ್ನಾವಳಿ ವಿಶ್ವಾಸಾರ್ಹವೂ ಸಿಂಧುವೂ ಆಗಿದೆ.’ ಪ್ರಬಂಧಗಳ ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಈ ವಾಕ್ಯ ಮಂಗಳಶ್ಲೋಕದ ಹಾಗೆ ಬಂದು ಹೋಗುತ್ತದೆ. ಮೊದಲರ್ಧ ಅರೆಬರೆ ನಿಜ, ಉತ್ತರಾರ್ಧ ತಪ್ಪು. ಆಲ್ಫಾ ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂಬುದನ್ನು ಮಾತ್ರ. ಅವು ಕೇಳಬೇಕಾದ್ದನ್ನೇ ಕೇಳಿದವೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಳತೆ ಕೆಡುವುದು ಬಹುಪಾಲು ಪ್ರಶ್ನೆಯ ಮಾತಿನಲ್ಲಿ, ಮತ್ತು ಬಾಗಿಲ ಬಳಿ ನಿಂತು ಕೇಳುವ ರೀತಿಯಲ್ಲಿ. ಅಲ್ಲಿ ಕೆಟ್ಟದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ರಿಪೇರಿ ಮಾಡಲಾರದು.

ಉದಾಹರಣೆಗೆ ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೊಂದನ್ನು ಹಿಡಿಯೋಣ: ಮನೆಗಳ ನೀರಿನ ಬವಣೆ. ಇದನ್ನು ಅಳೆಯಲು ಎಂಟು ಪ್ರಶ್ನೆಗಳ ಮಾಪಕ ಕಟ್ಟುತ್ತೇವೆ ಎಂದುಕೊಳ್ಳಿ. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 0ಯಿಂದ 24. ಒಂದೇ ಮನೆಗೆ ಒಂದೇ ದಿನ ಇಬ್ಬರು ಹೋಗಿ ಕೇಳಿದಾಗ ಒಬ್ಬರಿಗೆ 6, ಇನ್ನೊಬ್ಬರಿಗೆ 15 ಬಂದರೆ ಅದು ವಿಶ್ವಾಸಾರ್ಹತೆಯ ಸಮಸ್ಯೆ. ಇಬ್ಬರಿಗೂ 15 ಬಂತು, ಆದರೆ ಆ 15 ತೋರಿಸುತ್ತಿರುವುದು ನೀರಿನ ತೊಂದರೆಯನ್ನಲ್ಲ, ಆ ಮನೆಯವರ ಗೊಣಗುವ ಸ್ವಭಾವವನ್ನು ಎಂದಾದರೆ ಅದು ಸಿಂಧುತ್ವದ ಸಮಸ್ಯೆ. ಬಿ.ಇಡಿ. ಪುಸ್ತಕಗಳಲ್ಲಿ ಇವನ್ನೇ ವಿಶ್ವಸನೀಯತೆ, ಸಪ್ರಮಾಣತೆ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಎರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಹೊಸದು ಕಟ್ಟುವ ಮುಂಚೆ ಇರುವುದನ್ನು ಹುಡುಕಿ. ಮನೆಗಳ ನೀರಿನ ಅಭದ್ರತೆಯನ್ನು ಅಳೆಯುವ 12 ಪ್ರಶ್ನೆಗಳ ಅಂತರರಾಷ್ಟ್ರೀಯ ಮಾಪಕವೊಂದು 2019ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಒಟ್ಟು ಅಂಕ 0ಯಿಂದ 36, 12 ಮತ್ತು ಅದಕ್ಕೂ ಮೇಲೆ ಬಂದರೆ ಅಭದ್ರತೆ ಎಂದು ಲೆಕ್ಕ. ನಿಮ್ಮ ಪ್ರಶ್ನೆಗೆ ಅದು ಹೊಂದಿದರೆ ಅದನ್ನೇ ಬಳಸಿ, ಬೇರೆ ಊರುಗಳೊಂದಿಗೆ ಹೋಲಿಸುವ ದಾರಿಯಾದರೂ ತೆರೆದಿರುತ್ತದೆ. ಆದರೆ ಬೇರೆಡೆ ಪಾಸಾದ ಮಾಪಕ ಕನ್ನಡಕ್ಕೆ ಬಂದಾಗ, ವಠಾರಕ್ಕೆ ಬಂದಾಗ ಮತ್ತೆ ಪರೀಕ್ಷೆಗೆ ಕೂರಲೇಬೇಕು. ಆದ್ದರಿಂದ ಕೆಳಗಿನ ಹೆಜ್ಜೆಗಳು ಹೊಸದಕ್ಕೂ ಹಳೆಯದಕ್ಕೂ ಅನ್ವಯಿಸುತ್ತವೆ.

ಹೆಜ್ಜೆ 1: ಏನನ್ನು ಅಳೆಯುತ್ತೀರೆಂದು ಬರೆದಿಡಿ

ವ್ಯಾಖ್ಯೆ ಎರಡು ವಾಕ್ಯ ಮೀರಬಾರದು. ಹೀಗಿರಬಹುದು: ‘ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ-ಪಾತ್ರೆಗೆ ಬೇಕಾದಷ್ಟು ನೀರು ಬೇಕಾದ ಹೊತ್ತಿಗೆ ಸಿಗದೆ, ಕಳೆದ ನಾಲ್ಕು ವಾರಗಳಲ್ಲಿ ಕುಟುಂಬ ಅನುಭವಿಸಿದ ತೊಂದರೆ. ನೀರಿನ ರುಚಿ, ಬಿಲ್ಲಿನ ಮೊತ್ತ, ಜಲಮಂಡಳಿಯ ಬಗೆಗಿನ ಅಭಿಪ್ರಾಯ ಇದರಲ್ಲಿ ಸೇರುವುದಿಲ್ಲ.’ ಎರಡನೇ ವಾಕ್ಯಕ್ಕೇ ಹೆಚ್ಚು ಬೆಲೆ. ಯಾವುದು ಸೇರುವುದಿಲ್ಲ ಎಂದು ಬರೆಯದಿದ್ದರೆ ಗೈಡ್ ಒಂದು ಪ್ರಶ್ನೆ, ಸ್ನೇಹಿತರೊಂದು ಪ್ರಶ್ನೆ ಎಂದು ಸೇರುತ್ತಾ ಹೋಗಿ ಮಾಪಕ ಹಳೇ ಬಟ್ಟೆಯ ಗಂಟಾಗುತ್ತದೆ.

ಇಲ್ಲೇ ಘಟಕವನ್ನೂ ತೀರ್ಮಾನಿಸಿ. ಮನೆಯೋ, ಕುಟುಂಬವೋ, ವ್ಯಕ್ತಿಯೋ? ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬುದು ಕೈಗೆ ಸಿಗುವ ಅಳತೆ. ವಠಾರದಲ್ಲಿ ಮೀಟರ್ ಒಂದು, ಒಲೆ ಐದು. ಬಾಡಿಗೆಗೆ ಕೊಟ್ಟ ಮೂರು ಮಹಡಿಯ ಕಟ್ಟಡದಲ್ಲಿ ಸಂಪ್ ಒಂದು, ಮೋಟಾರಿನ ಸ್ವಿಚ್ ಓನರ್ ಮನೆಯಲ್ಲಿ. ಪಿಜಿಯಲ್ಲಿ ಇರುವವರನ್ನು ಏನು ಮಾಡುತ್ತೀರಿ? ಫೀಲ್ಡಿಗೆ ಹೋದ ಮೇಲೆ ಯೋಚಿಸಿದರೆ ಪ್ರತಿ ಹುಡುಗನೂ ಪ್ರತಿ ಹುಡುಗಿಯೂ ತಮಗೆ ತೋಚಿದಂತೆ ಬರೆದುಕೊಂಡು ಬರುತ್ತಾರೆ.

ಉತ್ತರಿಸುವವರು ಯಾರೆಂಬುದೂ ಅಳತೆಯ ಭಾಗವೇ. ಮನೆಯಲ್ಲಿ ನೀರು ಹಿಡಿದಿಡುವವರನ್ನೇ ಕೇಳಬೇಕು, ‘ಯಜಮಾನರನ್ನು ಕರೀರಿ’ ಎಂದು ಕೇಳಿದರೆ ನೀರು ಎಷ್ಟೊತ್ತಿಗೆ ಬರುತ್ತದೆಂದೇ ಗೊತ್ತಿಲ್ಲದವರು ಎದುರು ಬಂದು ಕೂರುವುದುಂಟು.

ಹೆಜ್ಜೆ 2: ಅಳತೆಯ ಮಟ್ಟ ಮತ್ತು ಮೂಲಮಾನ

ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಹೇಳಿದ ನಾಲ್ಕು ಮಟ್ಟಗಳು ಎಲ್ಲ ಪಠ್ಯದಲ್ಲೂ ಇವೆ: ನಾಮಮಾತ್ರ (ಬರೀ ಹೆಸರು), ಕ್ರಮಸೂಚಕ (ಹೆಚ್ಚು-ಕಡಿಮೆಯ ಕ್ರಮ), ಅಂತರ (ಹಂತಗಳ ನಡುವೆ ಸಮ ಅಂತರ, ಆದರೆ ನಿಜವಾದ ಸೊನ್ನೆ ಇಲ್ಲ), ಅನುಪಾತ (ನಿಜವಾದ ಸೊನ್ನೆಯೂ ಇದೆ). ನೀರಿನ ಮೂಲ ಕಾವೇರಿಯೋ ಬೋರ್‌ವೆಲ್ಲೋ ಟ್ಯಾಂಕರೋ ಎಂಬುದು ನಾಮಮಾತ್ರ. ‘ತೊಂದರೆ ಇಲ್ಲ, ಸ್ವಲ್ಪ, ಬಹಳ’ ಕ್ರಮಸೂಚಕ. ಲೀಟರ್ ಅನುಪಾತ. ಎಂಟು ಕ್ರಮಸೂಚಕ ಉತ್ತರಗಳನ್ನು ಕೂಡಿಸಿದ ಒಟ್ಟು ಅಂಕವನ್ನು ಅಂತರ ಮಟ್ಟದ್ದೆಂದು ಬಳಸುವುದು ರೂಢಿ. ತಪ್ಪೇನಲ್ಲ, ಆದರೆ 16 ಅಂಕದ ಮನೆಗೆ 8 ಅಂಕದ ಮನೆಯ ಎರಡರಷ್ಟು ಬವಣೆ ಎಂದು ಬರೆಯಬಾರದು.

ಲೀಟರ್ ಎಂದರೆ ಖಚಿತ ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. ‘ತಿಂಗಳಿಗೆ ಎಷ್ಟು ಟ್ಯಾಂಕರ್?’ ಎಂದು ಕೇಳಿ ‘ಎರಡು’ ಎಂದು ಬರೆದುಕೊಂಡರೆ ಏನೂ ಅಳೆದಂತಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತುಪಡಿಸಿದಾಗ 6,000, 8,000, 12,000 ಲೀಟರ್ ಎಂದು ಮೂರು ಅಳತೆಗೆ ಬೇರೆಬೇರೆ ದರ ಇತ್ತು. ಎರಡು ಟ್ಯಾಂಕರ್ ಎಂದರೆ 12,000 ಲೀಟರೂ ಆಗಬಹುದು, 24,000 ಲೀಟರೂ ಆಗಬಹುದು. ಬಿಂದಿಗೆಯದೂ ಇದೇ ಕಥೆ. ಲೀಟರ್ ಗುರುತು ಹಾಕಿದ ಒಂದು ಬಕೆಟ್ ಫೀಲ್ಡ್ ಚೀಲದ ಜೊತೆ ಇರಲಿ. ಮನೆಯ ಬಿಂದಿಗೆಯನ್ನು ಒಮ್ಮೆ ಅಳೆದು, ಆಮೇಲೆ ಬಿಂದಿಗೆಯ ಲೆಕ್ಕದಲ್ಲೇ ಕೇಳಿ. ಕುಡಿಯುವ ನೀರಿನ ಕ್ಯಾನು ಮಾತ್ರ ಸಾಮಾನ್ಯವಾಗಿ 20 ಲೀಟರ್, ಅಲ್ಲಿ ತಲೆಬಿಸಿ ಇಲ್ಲ.

ಹೆಜ್ಜೆ 3: ಪ್ರಶ್ನೆ ಬರೆಯುವುದು

ಎಂಟು ಪ್ರಶ್ನೆ ಬೇಕಿದ್ದರೆ ಇಪ್ಪತ್ತು ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಬಿದ್ದುಹೋಗುತ್ತವೆ, ಬಿದ್ದುಹೋಗಲಿ. ಹೆಚ್ಚು ಹೊತ್ತು ಕೂರಬೇಕಾದ ಹೆಜ್ಜೆ ಇದು.

ಮೊದಲು ‘ಪರವಾಗಿಲ್ಲ’ ಎಂಬ ಮಾತನ್ನು ನೋಡಿ. ಐದು ಹಂತದ ಮಾಪಕದಲ್ಲಿ ಮಧ್ಯದ ಹಂತಕ್ಕೆ ಇದನ್ನು ಹಾಕುವವರಿದ್ದಾರೆ. ‘ನೀರಿನ ವ್ಯವಸ್ಥೆ ಹೇಗಿದೆ?’ ಎಂದರೆ ‘ಪರವಾಗಿಲ್ಲ’ ಎನ್ನುವವರಲ್ಲಿ ಒಬ್ಬರು ‘ಚೆನ್ನಾಗಿಯೇ ಇದೆ’ ಎನ್ನುತ್ತಿರುತ್ತಾರೆ, ಇನ್ನೊಬ್ಬರು ‘ಹೇಗೋ ನಡೆಯುತ್ತದೆ ಬಿಡಿ’ ಎನ್ನುತ್ತಿರುತ್ತಾರೆ, ಮತ್ತೊಬ್ಬರು ನಿಮ್ಮನ್ನು ಬೇಗ ಕಳಿಸಿಕೊಡುವ ಮನಸ್ಸಿನಲ್ಲಿರುತ್ತಾರೆ. ಮೂವರಿಗೂ 3 ಅಂಕ. ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ವಿಧಾನ ಒಪ್ಪಿಗೆಯ ಮಟ್ಟವನ್ನು ಹಿಡಿಯಲು ಒಳ್ಳೆಯದೇ. ಅದಕ್ಕೆ ಹಾಕುವ ಕನ್ನಡದ ಮಾತಿಗೆ ಒಂದೇ ಅರ್ಥ ಇರಬೇಕು ಅಷ್ಟೆ.

ಇನ್ನೊಂದು ‘ಅಡ್ಜಸ್ಟ್ ಮಾಡ್ಕೋತೀವಿ’. ವರ್ಷಗಟ್ಟಲೆ ಎರಡು ದಿನಕ್ಕೊಮ್ಮೆ ನೀರು ಹಿಡಿದವರಿಗೆ ಅದೇ ಮಾಮೂಲು. ‘ನೀರಿನಿಂದ ತೊಂದರೆ ಆಗುತ್ತಿದೆಯೇ?’ ಎಂದರೆ ಇಲ್ಲ ಎನ್ನುತ್ತಾರೆ. ಇಪ್ಪತ್ನಾಲ್ಕು ಗಂಟೆಯೂ ನಲ್ಲಿ ಬರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಬೆಳಗ್ಗೆ ನಿಂತರೆ ಅಲ್ಲಿಯವರು ‘ಬಹಳ ತೊಂದರೆ’ ಎನ್ನುತ್ತಾರೆ. ತೃಪ್ತಿ, ತೊಂದರೆ ಎಂಬ ಭಾವನೆಯ ಮಾತು ಕೇಳಿದರೆ ಅಂಕ ತಲೆಕೆಳಗಾಗುತ್ತದೆ. ನಡೆದದ್ದನ್ನು ಕೇಳಿ: ‘ನೀರಿಲ್ಲದೆ ಸ್ನಾನ ಬಿಟ್ಟದ್ದು ಎಷ್ಟು ದಿನ?’, ‘ನೀರು ಬರುತ್ತದೆಂದು ಕಾಯುತ್ತಾ ಕೆಲಸಕ್ಕೆ ತಡವಾಗಿ ಹೋದದ್ದು ಎಷ್ಟು ಸಲ?’, ‘ಪಕ್ಕದ ಮನೆಯಿಂದ ನೀರು ಕೇಳಿ ತಂದದ್ದು ಎಷ್ಟು ಸಲ?’, ‘ನೀರಿಗಾಗಿ ರಾತ್ರಿ ಹತ್ತರ ಮೇಲೆ ಎದ್ದಿದ್ದದ್ದು ಎಷ್ಟು ರಾತ್ರಿ?’

ಉತ್ತರದ ಹಂತಗಳಿಗೂ ಮಾತಿನ ಬದಲು ಎಣಿಕೆ ಕೊಡಿ. ‘ಆಗಾಗ’, ‘ಕೆಲವೊಮ್ಮೆ’, ‘ಯಾವಾಗಲಾದರೂ’ ಇವುಗಳಲ್ಲಿ ಯಾವುದು ಹೆಚ್ಚು ಎಂದು ಹತ್ತು ಜನರನ್ನು ಕೇಳಿದರೆ ಎರಡು-ಮೂರು ಬಗೆಯ ಕ್ರಮ ಸಿಗುತ್ತದೆ. ‘ಒಂದು ಸಲವೂ ಇಲ್ಲ’ 0, ‘1–2 ಸಲ’ 1, ‘3–10 ಸಲ’ 2, ‘10ಕ್ಕಿಂತ ಹೆಚ್ಚು’ 3 ಎಂದರೆ ಜಗಳವಿಲ್ಲ.

ನಾಲ್ಕು ವಾರ ಎಂಬುದನ್ನು ಜನ ಕ್ಯಾಲೆಂಡರಿನಲ್ಲಿ ಎಣಿಸುವುದಿಲ್ಲ. ‘ಹೋದ ಅಮಾವಾಸ್ಯೆಯಿಂದ ಈಚೆಗೆ’ ಎಂದರೆ ಥಟ್ಟನೆ ನೆನಪಾಗುತ್ತದೆ, ಯುಗಾದಿ, ಗೌರಿ-ಗಣೇಶ, ರಂಜಾನ್ ಕೂಡ ಒಳ್ಳೆಯ ಗುರುತುಗಳು. ಆದರೆ ಒಂದು ಎಡವಟ್ಟಿದೆ: ಅಮಾವಾಸ್ಯೆಯಾದ ಐದನೇ ದಿನ ಕೇಳಿದ ಮನೆಗೆ ಐದು ದಿನದ ಲೆಕ್ಕ, ಇಪ್ಪತ್ತೈದನೇ ದಿನ ಕೇಳಿದ ಮನೆಗೆ ಇಪ್ಪತ್ತೈದು ದಿನದ ಲೆಕ್ಕ. ಆದ್ದರಿಂದ ಎಲ್ಲರಿಗೂ ಒಂದೇ ಕಿಟಕಿ ಕೊಡಿ, ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ. ಮತ್ತು ಆ ಕಿಟಕಿ ಮುಚ್ಚಿದ ಒಂದು ವಾರದೊಳಗೆ ಫೀಲ್ಡ್ ಕೆಲಸ ಮುಗಿಸಿ.

‘ಹೂಂ’ ಎಂಬ ಸದ್ದು ಎಷ್ಟು ಅಂಕೆಸಂಖ್ಯೆಗಳನ್ನು ಕೆಡಿಸಿದೆಯೋ ಲೆಕ್ಕವಿಲ್ಲ. ಮಾತು ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಕ್ಕೂ ಕನ್ನಡದಲ್ಲಿ ಹೂಂ, ಹೌದು ಎನ್ನುವುದಕ್ಕೂ ಹೂಂ. ನಕಾರದ ಪ್ರಶ್ನೆಯಲ್ಲಿ ಇನ್ನೂ ಫಜೀತಿ: ‘ಈ ತಿಂಗಳು ಸ್ನಾನ ಬಿಟ್ಟಿಲ್ಲ ಅಲ್ವಾ?’ ಎಂದರೆ ‘ಹೂಂ’ ಎಂದರೂ ಬಿಟ್ಟಿಲ್ಲ, ‘ಇಲ್ಲ’ ಎಂದರೂ ಬಿಟ್ಟಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಒಂದು ‘ಹೌದು’, ಇನ್ನೊಂದು ‘ಇಲ್ಲ’ ಎಂದು ದಾಖಲಾಗುತ್ತದೆ. ನಕಾರದ ಪ್ರಶ್ನೆ ಬೇಡವೇ ಬೇಡ. ಎಲ್ಲಕ್ಕೂ ಹೌದು ಎನ್ನುವವರನ್ನು ಹಿಡಿಯಲು ಕೆಲವು ಪ್ರಶ್ನೆಗಳನ್ನು ತಿರುಗಿಸಿ ಬರೆಯಬೇಕೆಂದು ಪಠ್ಯಗಳು ಹೇಳುತ್ತವೆ. ತಿರುಗಿಸುವುದಾದರೆ ‘ಅಲ್ಲ’, ‘ಇಲ್ಲ’ ಹಚ್ಚದೆ ತಿರುಗಿಸಿ: ‘ಮೂರು ಹೊತ್ತಿಗೂ ಸಾಕಾಗುವಷ್ಟು ನೀರು ಇದ್ದದ್ದು ಎಷ್ಟು ದಿನ?’

ಒಂದು ಪ್ರಶ್ನೆಗೆ ಒಂದೇ ಸಂಗತಿ. ‘ನೀರು ಬರದೆ ಮನೆಯಲ್ಲಿ ಜಗಳವಾಗಿ ಕೆಲಸಕ್ಕೂ ತಡವಾಯಿತೆ?’ ಎಂಬುದರಲ್ಲಿ ಮೂರು ಪ್ರಶ್ನೆಗಳಿವೆ.

ಹೆಜ್ಜೆ 4: ತಜ್ಞರ ಮುಂದಿಡಿ, ಲೆಕ್ಕ ಹಾಕಿ

ಒಳಾಂಶದ ಸಿಂಧುತ್ವ, ಅಂದರೆ ವ್ಯಾಖ್ಯೆಯ ಎಲ್ಲ ಮುಖಗಳೂ ಪ್ರಶ್ನೆಗಳಲ್ಲಿ ಬಂದಿವೆಯೇ ಎಂಬುದು ತೀರ್ಪಿನ ವಿಷಯ. ಆದರೆ ತೀರ್ಪಿಗೂ ಲೆಕ್ಕ ಉಂಟು. ಲಾಶೆ 1975ರಲ್ಲಿ ಕೊಟ್ಟ ಸೂತ್ರ: ‘ಈ ಪ್ರಶ್ನೆ ಇರಲೇಬೇಕು’ ಎಂದವರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಿ. ಹತ್ತು ಜನರಲ್ಲಿ ಎಂಟು ಮಂದಿ ಬೇಕೆಂದರೆ (8−5)÷5 = 0.60. ಹತ್ತು ಜನರ ತಂಡಕ್ಕೆ ಲಾಶೆಯ ಕನಿಷ್ಠ 0.62, ಹಾಗಾಗಿ ಎಂಟು ಮತ ಸಾಲದು, ಒಂಬತ್ತು ಬೇಕು. ಐದೇ ತಜ್ಞರಿದ್ದರೆ ಐವರೂ ಒಪ್ಪಬೇಕು.

ತಜ್ಞರೆಂದರೆ ಪ್ರೊಫೆಸರುಗಳು ಮಾತ್ರ ಅಲ್ಲ. ಹತ್ತರಲ್ಲಿ ನಾಲ್ಕು ಜನ ಕಾಲೇಜಿನವರಾದರೆ, ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್ ಒಬ್ಬರು, ಆಶಾ ಕಾರ್ಯಕರ್ತೆ ಒಬ್ಬರು, ನಾಲ್ಕೈದು ಮನೆಗಳಲ್ಲಿ ಪಾತ್ರೆ ತೊಳೆಯುವವರೊಬ್ಬರು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೋಡುವವರೊಬ್ಬರು ಇರಲಿ. ‘ನೀರು ಬರುವ ಹೊತ್ತು ಗೊತ್ತಿಲ್ಲದಿರುವುದೇ ದೊಡ್ಡ ಬವಣೆ’ ಎಂಬಂಥ ಅಂಶ ಪುಸ್ತಕ ಓದಿದವರಿಗಿಂತ ಮೊದಲು ಇವರ ಬಾಯಲ್ಲಿ ಬರುತ್ತದೆ.

ಹೆಜ್ಜೆ 5: ಅನುವಾದ

ಬೆಂಗಳೂರಿನ ಒಂದು ರಸ್ತೆಯಲ್ಲೇ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವ ಮನೆಗಳಿರುತ್ತವೆ. ಕನ್ನಡದ ಪ್ರಶ್ನಾವಳಿ ಕೈಲಿ ಹಿಡಿದು, ಬಾಗಿಲಲ್ಲಿ ನಿಂತು, ಬಾಯಲ್ಲೇ ತಮಿಳಿಗೆ ತಿರುಗಿಸಿ ಕೇಳುವುದು ಸರ್ವೇ ಹುಡುಗರ ಜಾಣ್ಮೆಯೇ ಸರಿ. ಆದರೆ ಪ್ರತಿ ಮನೆಯಲ್ಲೂ ಬೇರೆ ಪ್ರಶ್ನೆ ಕೇಳಿದಂತಾಯಿತು. ಕ್ರಮ ಹೀಗೆ: ಇಬ್ಬರು ಪ್ರತ್ಯೇಕವಾಗಿ ಅನುವಾದಿಸಲಿ; ಮೂರನೆಯವರು ಎರಡನ್ನೂ ಕೂಡಿಸಿ ಒಂದು ಮಾಡಲಿ; ಮೂಲವನ್ನು ನೋಡಿಲ್ಲದವರೊಬ್ಬರು ಅದನ್ನು ಮೂಲ ಭಾಷೆಗೆ ಮರಳಿ ಅನುವಾದಿಸಲಿ. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಮರು ಅನುವಾದ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಪದಕ್ಕೆ ಪದ ಇಟ್ಟ ಕೆಟ್ಟ ಅನುವಾದ ಚೆನ್ನಾಗಿಯೇ ಮರಳಿ ಬರುತ್ತದೆ! ಆದ್ದರಿಂದ ಆಡುವ ಮಾತಿನಲ್ಲಿ ಗಟ್ಟಿಯಾಗಿ ಓದಿ ನೋಡುವುದು ಬಿಡಬೇಡಿ. ‘ಕಳೆದ ನಾಲ್ಕು ವಾರಗಳ ಅವಧಿಯಲ್ಲಿ ನಿಮ್ಮ ಕುಟುಂಬವು’ ಎಂದು ಶುರುವಾಗುವ ವಾಕ್ಯವನ್ನು ಯಾರೂ ಹಾಗೆಯೇ ಓದುವುದಿಲ್ಲ, ತಮ್ಮ ಮಾತಿಗೆ ಬದಲಿಸಿಕೊಳ್ಳುತ್ತಾರೆ. ಮೊದಲೇ ಮಾತಿನ ಕನ್ನಡದಲ್ಲಿ ಬರೆದರೆ ಬದಲಿಸುವ ಪ್ರಮೇಯವೇ ಬರದು.

ಹೆಜ್ಜೆ 6: ಎರಡು ಸುತ್ತಿನ ಪೂರ್ವಪರೀಕ್ಷೆ

ಮೊದಲ ಸುತ್ತಿಗೆ ಆರರಿಂದ ಹತ್ತು ಜನ ಸಾಕು. ಪ್ರಶ್ನೆ ಓದಿ, ಉತ್ತರ ಬಂದ ಮೇಲೆ ‘ಇದನ್ನು ಕೇಳಿದಾಗ ಏನು ನೆನಪಾಯಿತು? ಯಾವ ನೀರನ್ನು ಮನಸ್ಸಿನಲ್ಲಿಟ್ಟುಕೊಂಡಿರಿ?’ ಎಂದು ವಿಚಾರಿಸಿ. ‘ನೀರು ಸಾಕಾಯಿತೆ?’ ಎಂದರೆ ಒಬ್ಬರು ಕಾವೇರಿ ನೀರನ್ನಷ್ಟೇ ಲೆಕ್ಕ ಹಿಡಿದಿರುತ್ತಾರೆ, ಒಬ್ಬರು ಉಪ್ಪು ನೀರನ್ನೂ ಸೇರಿಸಿರುತ್ತಾರೆ, ಇನ್ನೊಬ್ಬರ ಮನಸ್ಸಿನಲ್ಲಿ ಕ್ಯಾನ್ ಮಾತ್ರ. ಇದು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ತಿದ್ದಿ, ಮತ್ತೆ ಆರು ಜನರ ಹತ್ತಿರ ಹೋಗಿ.

ಎರಡನೇ ಸುತ್ತಿಗೆ ಮೂವತ್ತು ಮನೆಗಳಾದರೂ ಬೇಕು, ಅಂಶ ವಿಶ್ಲೇಷಣೆ (ಪ್ರಶ್ನೆಗಳು ಒಂದೇ ಸಂಗತಿಯ ಸುತ್ತ ಗುಂಪಾಗುತ್ತವೆಯೋ ಹಲವಾಗಿ ಒಡೆಯುತ್ತವೆಯೋ ಎಂದು ನೋಡುವ ಲೆಕ್ಕ) ಮಾಡುವುದಾದರೆ ಇನ್ನೂರರ ಹತ್ತಿರ. ಪ್ರತಿ ಪ್ರಶ್ನೆಯ ಉತ್ತರಗಳು ಹೇಗೆ ಹರಡಿವೆ ನೋಡಿ. ನೂರಕ್ಕೆ ತೊಂಬತ್ತು ಮನೆ 0 ಎಂದರೆ ಆ ಪ್ರಶ್ನೆ ಮನೆಮನೆಯ ವ್ಯತ್ಯಾಸವನ್ನು ತೋರಿಸುತ್ತಿಲ್ಲ. ಆದರೆ ತೆಗೆದುಹಾಕುವ ಮುಂಚೆ ತಿಂಗಳು ನೋಡಿ: ಆಗಸ್ಟಿನಲ್ಲಿ ಪೈಲಟ್ ಮಾಡಿ, ಏಪ್ರಿಲ್‌ನಲ್ಲಿ ಕೆಲಸಕ್ಕೆ ಬರುವ ಪ್ರಶ್ನೆಯನ್ನೇ ಕಿತ್ತು ಎಸೆಯುವ ತಪ್ಪು ನಡೆಯುತ್ತದೆ.

ಹೆಜ್ಜೆ 7: ವಿಶ್ವಾಸಾರ್ಹತೆಯ ಲೆಕ್ಕ

ಯಾವ ಬಗೆಯ ದೋಷದ ಭಯವಿದೆಯೋ ಅದಕ್ಕೆ ತಕ್ಕ ಪರೀಕ್ಷೆ ಆರಿಸಬೇಕು; ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಆಂತರಿಕ ಹೊಂದಾಣಿಕೆಗೆ ಲೀ ಕ್ರಾನ್‌ಬಾಕ್ 1951ರಲ್ಲಿ ಮಂಡಿಸಿದ ಆಲ್ಫಾ. ಕೈಯಲ್ಲೇ ಒಮ್ಮೆ ಮಾಡಿ ನೋಡಿ. ಪ್ರಶ್ನೆಗಳು 8; ಎಂಟೂ ಪ್ರಶ್ನೆಗಳ ವಿಚಲನ ವರ್ಗಗಳನ್ನು (ವೇರಿಯನ್ಸ್, ಅಂದರೆ ಅಂಕಗಳು ಎಷ್ಟು ಹರಡಿವೆ ಎಂಬುದರ ಅಳತೆ) ಕೂಡಿದರೆ 9.6, ಒಟ್ಟು ಅಂಕದ ವಿಚಲನ ವರ್ಗ 32. 9.6÷32 = 0.30. ಒಂದರಿಂದ ಕಳೆದರೆ 0.70. ಅದನ್ನು 8÷7ರಿಂದ ಗುಣಿಸಿದರೆ 0.80. ಸಾಮಾನ್ಯ ಸಂಶೋಧನೆಗೆ 0.70ರ ಮೇಲೆ ಸಾಕೆಂಬ ರೂಢಿಯಿದೆ. ಜಮೋವಿ, ಜಾಸ್ಪ್, ಆರ್ ಎಲ್ಲವೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳೇ. ಎಸ್‌ಪಿಎಸ್‌ಎಸ್ ಇಲ್ಲವೆಂದು ಕೆಲಸ ನಿಲ್ಲಬೇಕಿಲ್ಲ. ಜೊತೆಗೆ ಪ್ರತಿ ಪ್ರಶ್ನೆಗೂ ಉಳಿದ ಪ್ರಶ್ನೆಗಳ ಮೊತ್ತಕ್ಕೂ ಇರುವ ಸಹಸಂಬಂಧ (ಒಂದು ಏರಿದಂತೆ ಇನ್ನೊಂದೂ ಎಷ್ಟರಮಟ್ಟಿಗೆ ಏರುತ್ತದೆ ಎಂಬುದು) ನೋಡಿ. 0.30ರ ಕೆಳಗಿದ್ದರೆ ಆ ಪ್ರಶ್ನೆಯನ್ನು ಅನುಮಾನಿಸಿ. ಋಣಾತ್ಮಕವಾಗಿದ್ದರೆ, ತಿರುಗಿಸಿ ಬರೆದ ಪ್ರಶ್ನೆಯ ಅಂಕವನ್ನು ತಿರುಗಿಸಲು ಮರೆತಿದ್ದೀರಿ. ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ.

ಆಲ್ಫಾ ಮೋಸ ಮಾಡುವ ದಾರಿಗಳು ಗೊತ್ತಿರಲಿ. ಪ್ರಶ್ನೆ ಹೆಚ್ಚಿದಷ್ಟೂ ಅದು ಏರುತ್ತದೆ. ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ತೋರಿಸಿದ ಸೂತ್ರದಂತೆ, ಐದು ಪ್ರಶ್ನೆಗೆ 0.60 ಇದ್ದದ್ದು ಅದೇ ಗುಣದ ಹತ್ತು ಪ್ರಶ್ನೆ ಮಾಡಿದರೆ 0.75 ಆಗುತ್ತದೆ. ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಕೇಳಿದರೆ 0.95 ದಾಟುತ್ತದೆ, ಅದು ಹೆಮ್ಮೆಯ ಸಂಗತಿಯಲ್ಲ. ಎರಡು ಬೇರೆ ಸಂಗತಿಗಳು ಒಂದೇ ಮಾಪಕದಲ್ಲಿ ಸೇರಿಕೊಂಡಿದ್ದರೂ ಆಲ್ಫಾ 0.80 ಬರಬಹುದು; ಅದಕ್ಕೇ ಅಂಶ ವಿಶ್ಲೇಷಣೆ ಜೊತೆಗಿರಬೇಕು.

ಆಲ್ಫಾ ಹಾಕಲೇಬಾರದ ಮಾಪಕಗಳೂ ಇವೆ. 1976ರ ಕುಪ್ಪುಸ್ವಾಮಿ ಸಾಮಾಜಿಕ-ಆರ್ಥಿಕ ಮಾಪಕದಲ್ಲಿ ಕುಟುಂಬದ ಮುಖ್ಯಸ್ಥರ ಶಿಕ್ಷಣ, ಉದ್ಯೋಗ ಮತ್ತು ಕುಟುಂಬದ ಆದಾಯ ಕೂಡಿ 3ರಿಂದ 29 ಅಂಕ. ಈ ಮೂರೂ ಸೇರಿ ಅಂತಸ್ತನ್ನು ಕಟ್ಟುತ್ತವೆಯೇ ಹೊರತು ಒಳಗಿನ ಯಾವುದೋ ಒಂದು ಗುಣದ ನೆರಳುಗಳಲ್ಲ. ಓದಿದ್ದು ಕಡಿಮೆ, ಆದಾಯ ಹೆಚ್ಚು ಎಂಬ ಮನೆ ಇದ್ದರೆ ಮಾಪಕ ಕೆಟ್ಟಿದೆ ಎಂದರ್ಥವಲ್ಲ. ಈ ಮಾಪಕದ ನಿಜವಾದ ತೊಡಕು ಬೇರೆ: ಆದಾಯದ ಹಂತಗಳನ್ನು ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಪರಿಷ್ಕರಿಸದೆ ಹಳೆಯ ಕೋಷ್ಟಕವನ್ನೇ ನಕಲಿಸಿದರೆ ಎಲ್ಲರೂ ಮೇಲಿನ ಹಂತಕ್ಕೆ ಏರಿಬಿಡುತ್ತಾರೆ. ಬೈಕಿನಲ್ಲಿ ಊಟ ತಲುಪಿಸುವವರನ್ನು ಯಾವ ಉದ್ಯೋಗದ ಹಂತಕ್ಕೆ ಹಾಕಿದಿರಿ ಎಂಬುದನ್ನೂ ಬರೆದಿಡಬೇಕು.

ಕಾಲಾಂತರದ ಸ್ಥಿರತೆಗೆ ಮರುಪರೀಕ್ಷೆ: ನಲವತ್ತು ಮನೆಗಳಿಗೆ ಮತ್ತೆ ಹೋಗಿ. ಹತ್ತರಿಂದ ಹದಿನಾಲ್ಕು ದಿನದ ಅಂತರ ಎಂಬುದು ಪಠ್ಯದ ಮಾತು. ಮನೋಭಾವಕ್ಕೆ ಅದು ಸರಿ, ನೀರಿಗೆ ಪೂರಾ ಸರಿಯಲ್ಲ. ಆ ಹದಿನಾಲ್ಕು ದಿನಗಳಲ್ಲಿ ಮೋಟಾರ್ ಸುಟ್ಟುಹೋಗಿರಬಹುದು, ಬೋರ್ ಬತ್ತಿರಬಹುದು, ಹೊಸ ಕನೆಕ್ಷನ್ ಬಂದಿರಬಹುದು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ಅದರ ಹಿಂದೊಮ್ಮೆ ಮುಂದೊಮ್ಮೆ ಅಳೆದರೆ ಅಂಕ ಬದಲಾಗಲೇಬೇಕು, ಬದಲಾಗದಿದ್ದರೆ ಮಾಪಕವೇ ಮಂದ. ಹಾಗಾಗಿ ಎರಡನೇ ಸಲವೂ ಮೊದಲಿನ ಕಿಟಕಿಯ ಬಗ್ಗೆಯೇ ಕೇಳಿ, ಅಂತರ ನಾಲ್ಕೈದು ದಿನಕ್ಕಿರಲಿ, ನಡುವೆ ಏನಾದರೂ ಬದಲಾಯಿತೆ ಎಂಬ ಪ್ರಶ್ನೆ ಸೇರಿಸಿ ಅಂಥ ಮನೆಗಳನ್ನು ಬೇರೆಯಾಗಿ ನೋಡಿ. ಲೆಕ್ಕಕ್ಕೆ ಮಾಮೂಲಿ ಸಹಸಂಬಂಧದ ಪಿಯರ್‌ಸನ್ ಗುಣಾಂಕ ಸಾಲದು: ಎಲ್ಲ ಮನೆಗಳ ಅಂಕವೂ ಸರಿಯಾಗಿ 3 ಏರಿದರೂ ಅದು 1.00 ಎನ್ನುತ್ತದೆ. ನಿಖರ ಹೊಂದಿಕೆಯನ್ನು ನೋಡುವ ಅಂತರ್ವರ್ಗ ಸಹಸಂಬಂಧ ಗುಣಾಂಕ (ಇಂಟ್ರಾಕ್ಲಾಸ್, ಐಸಿಸಿ) ಬಳಸಿ.

ಬರಹದ ಉತ್ತರಗಳನ್ನು ಇಬ್ಬರು ವರ್ಗೀಕರಿಸುವಲ್ಲಿ, ಆಕಸ್ಮಿಕವಾಗಿ ಆಗುವ ಹೊಂದಿಕೆಯನ್ನು ಕಳೆದು ನೋಡುವ ಕೋಹೆನ್ 1960ರ ಕಪ್ಪಾ. ನೂರು ಉತ್ತರಗಳಲ್ಲಿ 45ಕ್ಕೆ ಇಬ್ಬರೂ ‘ಜಗಳದ ಪ್ರಸ್ತಾಪ ಇದೆ’ ಎಂದರು, 35ಕ್ಕೆ ಇಬ್ಬರೂ ‘ಇಲ್ಲ’ ಎಂದರು, ಉಳಿದ 20ರಲ್ಲಿ ಹತ್ತು ಹತ್ತು ಅತ್ತಿತ್ತ. ಹೊಂದಿಕೆ ನೂರಕ್ಕೆ 80, ಕೇಳಲು ಚೆಂದ. ಆದರೆ ಇಬ್ಬರೂ ಶೇ. 55ಕ್ಕೆ ‘ಇದೆ’ ಎನ್ನುವವರಾದ್ದರಿಂದ ಕಣ್ಣುಮುಚ್ಚಿ ಹಾಕಿದರೂ 0.55×0.55 + 0.45×0.45 = 0.505 ಹೊಂದುತ್ತಿತ್ತು. ಕಪ್ಪಾ = (0.80−0.505)÷(1−0.505), ಸುಮಾರು 0.60. ವರ್ಗೀಕರಣದ ನಿಯಮ ಇನ್ನಷ್ಟು ಬಿಡಿಸಿ ಬರೆದು, ಹೊಸ ನೂರು ಉತ್ತರಗಳ ಮೇಲೆ ಮತ್ತೆ ನೋಡಬೇಕು.

ಹೆಚ್ಚಿನವರು ಬಿಟ್ಟುಬಿಡುವ, ಆದರೆ ಬಿಡಬಾರದ ಲೆಕ್ಕ ಇನ್ನೊಂದಿದೆ. ಒಟ್ಟು ಅಂಕದ ವಿಚಲನ ವರ್ಗ 32 ಎಂದರೆ ಅದರ ವರ್ಗಮೂಲವಾದ ಮಾನಕ ವಿಚಲನೆ 5.66. ವಿಶ್ವಾಸಾರ್ಹತೆ 0.80. ಅಳತೆಯ ಮಾನಕ ದೋಷ = 5.66×√(1−0.80), ಅಂದರೆ 2.53. ಶೇ. 95ರ ಭರವಸೆಗೆ 1.96ರಿಂದ ಗುಣಿಸಿದರೆ ಸುಮಾರು 5. ಅಂಕ 14 ಬಂದ ಮನೆಯ ನಿಜವಾದ ಅಂಕ 9ರಿಂದ 19ರ ನಡುವೆ ಎಲ್ಲೋ ಇದೆ. 12 ಮೀರಿದವರಿಗೆ ಸಹಾಯಧನ ಎಂದು ಗೆರೆ ಎಳೆದರೆ, ‘ಚೆನ್ನಾಗಿದೆ’ ಎನಿಸಿಕೊಂಡ 0.80 ಎಷ್ಟು ಮನೆಗಳನ್ನು ತಪ್ಪು ಬದಿಗೆ ಹಾಕುತ್ತದೆ ಎಂದು ಯೋಚಿಸಿ. ಇನ್ನೂರು ಮನೆಗಳ ಸರಾಸರಿಯನ್ನು ವಾರ್ಡ್‌ನಿಂದ ವಾರ್ಡ್‌ಗೆ ಹೋಲಿಸಲು ಮಾತ್ರ ಇದೇ ಮಾಪಕ ಧಾರಾಳ ಸಾಕು.

ಅಳತೆಯ ದೋಷವು ಸಹಸಂಬಂಧಗಳನ್ನೂ ತಿನ್ನುತ್ತದೆ. ನೀರಿನ ಮಾಪಕದ ವಿಶ್ವಾಸಾರ್ಹತೆ 0.60, ಮಾನಸಿಕ ಒತ್ತಡದ ಮಾಪಕದ್ದು 0.70, ಎರಡರ ನಿಜವಾದ ಸಹಸಂಬಂಧ 0.50 ಎಂದಿಟ್ಟುಕೊಳ್ಳಿ. ನಿಮಗೆ ಕಾಣುವುದು 0.50×√(0.60×0.70), ಅಂದರೆ 0.32. ‘ದುರ್ಬಲ ಸಂಬಂಧ’ ಎಂದು ಬರೆದದ್ದು ಸಮಾಜದ ಬಗ್ಗೆಯೋ ಪ್ರಶ್ನಾವಳಿಯ ಬಗ್ಗೆಯೋ?

ಹೆಜ್ಜೆ 8: ಸಿಂಧುತ್ವಕ್ಕೆ ಸಾಕ್ಷ್ಯ ಕೂಡಿಸುವುದು

ಇಲ್ಲಿ ಒಂದೇ ಗುಣಾಂಕ ಇಲ್ಲ, ಒಂದೊಂದಾಗಿ ಸಾಕ್ಷ್ಯ ಜೋಡಿಸಬೇಕು. ಯಾವ ಫಲಿತಾಂಶ ಬಂದರೆ ಮಾಪಕ ಸೋತಂತೆ ಎಂಬುದನ್ನು ದತ್ತಾಂಶ ನೋಡುವ ಮುಂಚೆಯೇ ಬರೆದಿಡಿ.

ಗೊತ್ತಿರುವ ಗುಂಪುಗಳ ಹೋಲಿಕೆ ಎಲ್ಲಕ್ಕಿಂತ ಸುಲಭ. ದಿನವೂ ಕಾವೇರಿ ನೀರು ಬರುವ, ದೊಡ್ಡ ಸಂಪ್ ಇರುವ ಮನೆಗಳು ಒಂದು ಕಡೆ; ಟ್ಯಾಂಕರನ್ನೇ ನಂಬಿದ ರೆವಿನ್ಯೂ ಬಡಾವಣೆಯ ಬಾಡಿಗೆ ಮನೆಗಳು ಇನ್ನೊಂದು ಕಡೆ. ಸರಾಸರಿಯಲ್ಲಿ ಕನಿಷ್ಠ ನಾಲ್ಕು ಅಂಕದ ವ್ಯತ್ಯಾಸ ನಿರೀಕ್ಷಿಸುತ್ತೇವೆ ಎಂದು ಮೊದಲೇ ಹೇಳಿ.

ಹೊರಗಿನ ಮಾನದಂಡದೊಂದಿಗೆ ಹೋಲಿಕೆ: ಮೂವತ್ತು ಮನೆಗಳಿಗೆ ನೋಟ್‌ಬುಕ್ ಕೊಟ್ಟು, ನೀರು ಬಂದ ಹೊತ್ತು, ಹಿಡಿದ ಬಿಂದಿಗೆ, ಬಿಟ್ಟ ಕೆಲಸ ಎಂದು ಹದಿನಾಲ್ಕು ದಿನ ಬರೆಸಿ. ಜಲಮಂಡಳಿಯ ಬಿಲ್ಲಿನ ಕಿಲೋಲೀಟರ್ ಇದಕ್ಕಿಂತ ಖಚಿತ ಎನಿಸಬಹುದು, ಆದರೆ ಒಂದೇ ಮೀಟರಿನ ವಠಾರದಲ್ಲಿ ಅದು ಯಾರ ಬಳಕೆಯನ್ನೂ ಹೇಳುವುದಿಲ್ಲ.

ಕೂಡುವುದು, ಕೂಡದಿರುವುದು ಎಂಬ ಎರಡು ಬದಿಯ ಪರೀಕ್ಷೆಯನ್ನು ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲಿ ಮುಂದಿಟ್ಟರು. ನೀರಿನ ಅಂಕ, ನೀರು ತರಲು ಹಿಡಿಯುವ ನಿಮಿಷಗಳೊಂದಿಗೆ ಚೆನ್ನಾಗಿ ಕೂಡಬೇಕು. ರಸ್ತೆ ಗುಂಡಿ, ಕಸದ ಗಾಡಿಯ ಬಗೆಗಿನ ದೂರುಗಳೊಂದಿಗೆ ಅಷ್ಟಾಗಿ ಕೂಡಬಾರದು. ನಿಮಿಷಗಳೊಂದಿಗೆ 0.35, ರಸ್ತೆಯ ದೂರಿನೊಂದಿಗೆ 0.55 ಬಂದರೆ ನೀವು ಅಳೆದದ್ದು ನೀರನ್ನಲ್ಲ, ಗೊಣಗಾಟವನ್ನು. ಆಲ್ಫಾ ಆಗಲೂ 0.85 ಇರಬಹುದು ಎಂಬುದನ್ನು ಗಮನಿಸಿ.

ಕೊನೆಯದಾಗಿ, ಒಂದೇ ಪ್ರಶ್ನೆಗೆ ಎಲ್ಲ ಗುಂಪಿನಲ್ಲೂ ಒಂದೇ ಅರ್ಥವಿದೆಯೇ? ‘ಟ್ಯಾಂಕರ್ ತರಿಸಿದಿರಾ?’ ಎಂಬುದು ಬಡಾವಣೆಯಲ್ಲಿ ಕಷ್ಟದ ಗುರುತು. ಅಪಾರ್ಟ್‌ಮೆಂಟಿನಲ್ಲಿ ಅದು ಮೇಂಟೆನೆನ್ಸ್ ಬಿಲ್ಲಿನ ಒಂದು ಸಾಲು, ಮನೆಯವರಿಗೆ ಗೊತ್ತೂ ಇರುವುದಿಲ್ಲ. ಒಟ್ಟು ಅಂಕ ಒಂದೇ ಇರುವ ಮನೆಗಳನ್ನು ಎರಡೂ ಕಡೆಯಿಂದ ಆರಿಸಿ, ಆ ಪ್ರಶ್ನೆಯ ಉತ್ತರ ಮಾತ್ರ ಬೇರೆಯಾಗುತ್ತದೆಯೇ ನೋಡಿ. ಬೇರೆಯಾದರೆ ಅದನ್ನು ಮಾಪಕದಿಂದ ತೆಗೆದು ಪ್ರತ್ಯೇಕ ಮಾಹಿತಿಯಾಗಿ ಇಟ್ಟುಕೊಳ್ಳಿ.

ಸಿಂಧುತ್ವ ಮಾಪಕಕ್ಕೆ ಅಂಟಿಕೊಂಡ ಗುಣವಲ್ಲ, ಅಂಕಕ್ಕೆ ನಾವು ಕೊಡುವ ಅರ್ಥ ಮತ್ತು ಬಳಕೆಗೆ ಸೇರಿದ್ದು ಎಂಬ ನಿಲುವನ್ನು ಸ್ಯಾಮ್ಯುಯೆಲ್ ಮೆಸ್ಸಿಕ್ ಗಟ್ಟಿಯಾಗಿ ಮಂಡಿಸಿದರು. ಸಂಶೋಧನೆಗೆಂದು ಕೇಳಿದಾಗ ಸಿಂಧುವಾಗಿದ್ದ ಅದೇ ಎಂಟು ಪ್ರಶ್ನೆಗಳು, ಅಂಕ ಹೆಚ್ಚಿದ್ದವರಿಗೆ ಹೊಸ ಪೈಪ್‌ಲೈನ್ ಎಂಬ ಸುದ್ದಿ ಹಬ್ಬಿದ ದಿನ ಸಿಂಧುವಾಗಿ ಉಳಿಯುವುದಿಲ್ಲ.

ಹೆಜ್ಜೆ 9: ಬಾಗಿಲ ಬಳಿ

ಸಂದರ್ಶಕರಿಗೆ ಎರಡು ದಿನದ ತರಬೇತಿ, ಅದರಲ್ಲಿ ಅರ್ಧ ದಿನ ನಿಜವಾದ ಮನೆಗಳಲ್ಲಿ. ಕೊರಳಲ್ಲಿ ದೊಡ್ಡ ಗುರುತಿನ ಚೀಟಿ ನೇತಾಡಿದರೆ ಜನ ಸರ್ಕಾರದಿಂದ ಬಂದವರೆಂದುಕೊಂಡು ತೊಂದರೆಯನ್ನು ಹೆಚ್ಚಿಸಿ ಹೇಳುತ್ತಾರೆ. ಯಾವ ಸಂಸ್ಥೆ, ಯಾಕೆ, ಇದರಿಂದ ಏನೂ ಸಿಗುವುದಿಲ್ಲ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಓನರ್ ಕೆಳಮನೆಯ ಜಗುಲಿಯಲ್ಲಿ ಕೂತಿದ್ದರೆ ಬಾಡಿಗೆಯವರು ‘ನೀರಿಗೇನೂ ತೊಂದರೆ ಇಲ್ಲ’ ಎನ್ನುತ್ತಾರೆ. ಒಳಗೆ ಕೂತು ಕೇಳಿ, ಆಗದಿದ್ದರೆ ‘ಬೇರೆಯವರು ಇದ್ದರು’ ಎಂಬ ಖಾನೆಗೆ ಗುರುತು ಹಾಕಿ. ಆಮೇಲೆ ಆ ಮನೆಗಳ ಸರಾಸರಿಯನ್ನು ಬೇರೆಯಾಗಿ ನೋಡಬಹುದು. ಹತ್ತರಲ್ಲಿ ಒಂದು ಮನೆಗೆ ಸೂಪರ್‌ವೈಸರ್ ಮತ್ತೆ ಹೋಗಿ ಮೂರು ಪ್ರಶ್ನೆಗಳನ್ನಾದರೂ ಕೇಳಿ ತಾಳೆ ನೋಡಲಿ. ಒಬ್ಬ ಸಂದರ್ಶಕರ ಮನೆಗಳೆಲ್ಲ 7, 8 ಅಂಕದಲ್ಲೇ ಗುಂಪುಗೂಡಿದ್ದರೆ ಅದು ಆ ಬೀದಿಯ ಗುಣವೋ, ಮರದ ನೆರಳಲ್ಲಿ ಕೂತು ತುಂಬಿದ ಫಾರ್ಮುಗಳೋ ಎಂದು ಅದೇ ವಾರ ತಿಳಿದುಕೊಳ್ಳಬೇಕು, ಮೂರು ತಿಂಗಳ ಮೇಲಲ್ಲ.

ವರದಿಯಲ್ಲಿ ಆಲ್ಫಾದ ಒಂಟಿ ಸಾಲಿನ ಬದಲು ಇಷ್ಟು ಇರಲಿ: ಎರಡು ವಾಕ್ಯದ ವ್ಯಾಖ್ಯೆ, ಎಷ್ಟು ಪ್ರಶ್ನೆ ಬರೆದು ಎಷ್ಟು ಉಳಿಸಿದಿರಿ, ಯಾಕೆ, ಯಾವ ಭಾಷೆಯಲ್ಲಿ ಎಷ್ಟು ಮನೆ, ಅಳೆದ ತಿಂಗಳು, ನಿಮ್ಮದೇ ದತ್ತಾಂಶದಿಂದ ಬಂದ ಆಲ್ಫಾ, ಮರುಪರೀಕ್ಷೆಯ ಗುಣಾಂಕ, ಅಳತೆಯ ಮಾನಕ ದೋಷ, ಗೆದ್ದ ಮತ್ತು ಸೋತ ಸಿಂಧುತ್ವ ಪರೀಕ್ಷೆಗಳೆರಡೂ. ಪ್ರಶ್ನೆಗಳ ಪೂರ್ಣ ಪಾಠವನ್ನು, ಕೇಳಿದ ಆಡುಮಾತಿನಲ್ಲೇ, ಅನುಬಂಧದಲ್ಲಿ ಕೊಡಿ. ಪೈಲಟ್‌ನಲ್ಲಿ ಬದಲಿಸಿದ ಪದಗಳ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಹಾಕಿ, ಮುಂದೆ ಇದೇ ಮಾಪಕವನ್ನು ಹುಬ್ಬಳ್ಳಿಗೋ ಕೋಲಾರಕ್ಕೋ ಒಯ್ಯುವವರು ಮೊದಲು ಹುಡುಕುವುದು ಅದನ್ನೇ.